ಭಾಷೆಯ ನೀರಿಗೆ ಮಗುವನ್ನು ಇಳಿಸುವ ಮುನ್ನ

ಹೊಸ ಶಾಲಾ ವರ್ಷ ಆರಂಭವಾಯಿತೆಂದರೆ ಬಿಡದಿ ಹೋಬಳಿಯ ಹಳ್ಳಿಗಳಲ್ಲಿ ಒಂದು ಬದಲಾವಣೆ ಎದ್ದು ಕಾಣುತ್ತದೆ. ಬೆಳಗಾಗುತ್ತಲೇ ಹಳದಿ ಬಣ್ಣದ ಶಾಲಾ ವಾಹನಗಳು ಬೈರಮಂಗಲದಂಥ ಊರುಗಳ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಟೈ ಕಟ್ಟಿ, ಬೂಟು ಹಾಕಿ ವಾಹನ ಹತ್ತುವ ಮಕ್ಕಳಲ್ಲಿ ಕೆಲವರು ಹಿಂದಿನ ಮಾರ್ಚ್ ತಿಂಗಳವರೆಗೆ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವರು. ಈಗ ಐದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮ. ರೇಷ್ಮೆಗೂಡು ಮಾರಿ ಬಂದ ಹಣವನ್ನೋ, ಕೈಸಾಲವನ್ನೋ ಶುಲ್ಕವಾಗಿ ಕಟ್ಟಿದ ತಂದೆತಾಯಿಗಳ ನಿರೀಕ್ಷೆ ಒಂದೇ. ‘ಇಂಗ್ಲಿಷಿನವರ ಮಧ್ಯೆ ಬಿಟ್ಟರೆ ಆರು ತಿಂಗಳಲ್ಲಿ ತಾನೇ ಕಲಿತುಕೊಳ್ಳುತ್ತಾನೆ.’

ಈ ನಿರೀಕ್ಷೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯದೆ ಹೋದುದರಿಂದ ಎಷ್ಟೋ ಮಕ್ಕಳು ಎರಡು ಭಾಷೆಗಳ ನಡುವೆ ಮಾತು ಕಳೆದುಕೊಂಡು ಕೂರುತ್ತಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಮುಳುಗಿ ಕಲಿಯುವುದೆಂದರೆ

ಒಂದು ಭಾಷೆಯನ್ನು ಆ ಭಾಷೆಯೊಳಗೇ ಇದ್ದು ಕಲಿಯುವ ವಿಧಾನಕ್ಕೆ ಶಿಕ್ಷಣ ತಜ್ಞರು ‘ಇಮ್ಮರ್ಷನ್’ ಎಂದು ಹೆಸರಿಟ್ಟಿದ್ದಾರೆ. ಮುಳುಗಿ ಕಲಿಯುವುದು ಎಂದು ಅದರ ಅರ್ಥ. ದಡದಲ್ಲಿ ಕುಳಿತು ಪುಸ್ತಕ ಓದಿದರೆ ಈಜು ಬರುವುದಿಲ್ಲ, ನೀರಿಗಿಳಿಯಬೇಕು ಎಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಈ ವಿಧಾನದ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಸಾಕು. ಅಲ್ಲಿ ಗೂಡು ತರುವ ರೈತರಲ್ಲಿ ಹೆಚ್ಚಿನವರ ಮನೆಮಾತು ಕನ್ನಡ, ಕೊಳ್ಳುವ ನೂಲು ಬಿಚ್ಚಾಣಿಕೆದಾರರಲ್ಲಿ ಅನೇಕರ ಮನೆಮಾತು ಉರ್ದು. ತಂದೆಯ ಹಿಂದೆ ಮಾರುಕಟ್ಟೆಗೆ ಬರುವ ಹುಡುಗರಿಗೆ ಯಾರೂ ವ್ಯಾಕರಣ ಹೇಳಿಕೊಡುವುದಿಲ್ಲ. ದರ, ತೂಕ, ಗೂಡಿನ ಗುಣ, ಚೌಕಾಸಿ ಇವುಗಳ ನಡುವೆ ಎರಡನೆಯ ಭಾಷೆ ತಾನಾಗಿ ನಾಲಿಗೆಗೆ ಹತ್ತುತ್ತದೆ. ಬಿಡದಿಯ ಕೈಗಾರಿಕಾ ಪ್ರದೇಶಕ್ಕೆ ಉತ್ತರದ ರಾಜ್ಯಗಳಿಂದ ಬಂದ ಕಾರ್ಮಿಕರ ಮಕ್ಕಳೂ ಹಾಗೆಯೇ. ಊರ ಮಕ್ಕಳೊಡನೆ ಆಟಕ್ಕೆ ಸೇರಿದ ಮೇಲೆ ‘ಬಾರೋ’, ‘ಕೊಡೋ’, ‘ನಂದು ಈಗ’ ಎಂಬ ಮಾತುಗಳು ಮೊದಲು ಬರುತ್ತವೆ. ಪೂರ್ತಿ ವಾಕ್ಯಗಳು ಆಮೇಲೆ.

ಇದನ್ನು ವ್ಯವಸ್ಥಿತವಾಗಿ ಬಳಸಿಕೊಂಡ ಸಂಸ್ಥೆಗಳೂ ನಮ್ಮ ರಾಜ್ಯದಲ್ಲಿವೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವು ತನ್ನ ಪ್ರಾದೇಶಿಕ ಭಾಷಾ ಕೇಂದ್ರಗಳ ಮೂಲಕ ಬೇರೆ ರಾಜ್ಯಗಳ ಶಾಲಾ ಶಿಕ್ಷಕರಿಗೆ ಹತ್ತು ತಿಂಗಳ ಅವಧಿಯಲ್ಲಿ ಹೊಸದೊಂದು ಭಾರತೀಯ ಭಾಷೆಯನ್ನು ಕಲಿಸುತ್ತ ಬಂದಿದೆ. ಮೈಸೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಕಲಿಸುವುದು ಕನ್ನಡ, ತಮಿಳು, ತೆಲುಗು, ಮಲಯಾಳಂ. ಅಲ್ಲಿ ಕನ್ನಡ ಕಲಿಯಲು ಬಂದವರಿಗೆ ತರಗತಿ ಮುಗಿದ ಮೇಲೂ ಪಾಠ ಮುಗಿಯುವುದಿಲ್ಲ. ಹಾಲು ಕೊಳ್ಳಬೇಕು, ಬಸ್ಸು ಹತ್ತಬೇಕು, ದಾರಿ ಕೇಳಬೇಕು. ಮೈಸೂರು ಊರೇ ಅವರ ಎರಡನೆಯ ತರಗತಿ.

1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಕೃತ ಸಂಭಾಷಣೆಯ ಆಂದೋಲನ ಇನ್ನೊಂದು ಉದಾಹರಣೆ. ಹತ್ತು ದಿನ, ದಿನಕ್ಕೆ ಎರಡು ಗಂಟೆಯ ಶಿಬಿರ. ಶಿಕ್ಷಕರು ವಸ್ತುಗಳನ್ನು ತೋರಿಸುತ್ತ, ಅಭಿನಯಿಸುತ್ತ ಮೊದಲ ದಿನದಿಂದಲೇ ಸಂಸ್ಕೃತದಲ್ಲಿಯೇ ಮಾತನಾಡುತ್ತಾರೆ, ಭಾಷಾಂತರ ಮಾಡುವುದಿಲ್ಲ. ಕೊನೆಯ ದಿನದ ಹೊತ್ತಿಗೆ ಸಣ್ಣ ವಾಕ್ಯಗಳನ್ನು ಆಡಲು ಸಾಧ್ಯವಾಗುತ್ತದೆ. ಇಲ್ಲಿ ಒಂದು ಅಂಶವನ್ನು ಮರೆಯಬಾರದು. ಕನ್ನಡಿಗರಿಗೆ ಸಾವಿರಾರು ಸಂಸ್ಕೃತ ಪದಗಳು ಮೊದಲೇ ಗೊತ್ತಿರುತ್ತವೆ. ಅವರು ಇಳಿಯುವುದು ತೀರ ಅಪರಿಚಿತ ನೀರಿಗಲ್ಲ.

ಒಂದು ಸಣ್ಣ ಲೆಕ್ಕ

ಶಾಲೆಯ ಪಾಠ ಮತ್ತು ಮುಳುಗಿ ಕಲಿಯುವುದರ ನಡುವಿನ ವ್ಯತ್ಯಾಸ ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ಒಂದು ಇಂಗ್ಲಿಷ್ ಪೀರಿಯಡ್ 40 ನಿಮಿಷ, ವಾರಕ್ಕೆ ಐದು, ವರ್ಷಕ್ಕೆ 40 ವಾರ ಎಂದುಕೊಳ್ಳೋಣ. ಒಟ್ಟು 200 ಪೀರಿಯಡ್, ಅಂದರೆ 8,000 ನಿಮಿಷ, ಸುಮಾರು 133 ಗಂಟೆ. ಕಡಿಮೆಯೇನಲ್ಲ. ಆದರೆ ತರಗತಿಯಲ್ಲಿ 40 ಮಕ್ಕಳಿದ್ದು, ಮೇಷ್ಟ್ರು ಅರ್ಧ ಸಮಯ ಮಾತನಾಡಿದರೆ ಉಳಿಯುವುದು 20 ನಿಮಿಷ. ಅದನ್ನು 40 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಅರ್ಧ ನಿಮಿಷ. ಇಡೀ ವರ್ಷಕ್ಕೆ ಒಂದು ಮಗು ಬಾಯಿಬಿಟ್ಟು ಮಾತನಾಡುವ ಸಮಯ 100 ನಿಮಿಷ ಮಾತ್ರ!

ಈಗ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ, ವರ್ಷಕ್ಕೆ 300 ದಿನ ಎಂದಿಟ್ಟುಕೊಳ್ಳೋಣ. ಒಟ್ಟು 150 ಗಂಟೆ. ಅದರಲ್ಲಿ ಅರ್ಧ ಭಾಗ ಮಗು ಮಾತನಾಡಿದರೂ 75 ಗಂಟೆ, ಅಂದರೆ 4,500 ನಿಮಿಷ. ಶಾಲೆಯಲ್ಲಿ ಸಿಕ್ಕಿದ್ದಕ್ಕಿಂತ 45 ಪಟ್ಟು ಹೆಚ್ಚು. ಮಾಧ್ಯಮ ಬದಲಿಸದೆ, ಶುಲ್ಕ ಕಟ್ಟದೆ ದೊರೆಯುವ ಲಾಭವಿದು. ವಾಹನದ ಬಣ್ಣಕ್ಕಿಂತ, ಶಾಲೆಯ ಹೆಸರಿಗಿಂತ, ಮಗುವಿಗೆ ಮಾತನಾಡಲು ಎಷ್ಟು ನಿಮಿಷ ಸಿಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಮುಳುಗುವುದು ಬೇರೆ, ಮುಳುಗಿಸುವುದು ಬೇರೆ

ಹಾಗಾದರೆ ಇಡೀ ದಿನ ಇಂಗ್ಲಿಷ್ ಮಾಧ್ಯಮದಲ್ಲೇ ಕೂರಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಹುಡುಕುವವರು ಕೆನಡಾ ದೇಶದ ಒಂದು ಪ್ರಯೋಗವನ್ನು ತಿಳಿದಿರಬೇಕು. ಅಲ್ಲಿನ ಕ್ವಿಬೆಕ್ ಪ್ರಾಂತ್ಯದ ಬಹುಸಂಖ್ಯಾತರ ಭಾಷೆ ಫ್ರೆಂಚ್. ಮಾಂಟ್ರಿಯಲ್ ನಗರದ ಸಮೀಪದ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ ಇಂಗ್ಲಿಷ್ ಮನೆಮಾತಿನ ಕೆಲವು ತಂದೆತಾಯಿಗಳು ತಮ್ಮ ಮಕ್ಕಳಿಗೆ ಶಾಲೆಯ ಪಾಠದಿಂದ ಫ್ರೆಂಚ್ ಬರುತ್ತಿಲ್ಲವೆಂದು ಮನಗಂಡು, ಶಿಶುವಿಹಾರದಿಂದಲೇ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸುವ ತರಗತಿಯನ್ನು 1965ರಲ್ಲಿ ಆರಂಭಿಸಿದರು. ಮನಶ್ಶಾಸ್ತ್ರಜ್ಞ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಬಂದಿತ್ತು. ಇಂಗ್ಲಿಷಿಗಾಗಲೀ ಗಣಿತಕ್ಕಾಗಲೀ ಹಾನಿಯಾಗಿರಲಿಲ್ಲ.

ಈ ಫಲಿತಾಂಶವನ್ನು ಕೇಳಿ ಹಿಗ್ಗುವ ಮೊದಲು ಅಲ್ಲಿದ್ದ ಪರಿಸ್ಥಿತಿಯನ್ನು ನೋಡಬೇಕು. ಒಂದನೆಯದು, ತರಗತಿಯ ಎಲ್ಲ ಮಕ್ಕಳೂ ಫ್ರೆಂಚ್ ಬಾರದವರೇ. ಆದ್ದರಿಂದ ಯಾರಿಗೂ ನಾಚಿಕೆಯಿಲ್ಲ. ಎರಡನೆಯದು, ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರೂ ಶಿಕ್ಷಕಿಗೆ ಅರ್ಥವಾಗುತ್ತಿತ್ತು. ಮೂರನೆಯದು, ಎರಡನೆಯ ತರಗತಿಯಿಂದ ಮನೆಮಾತಿನ ಓದು ಬರಹವನ್ನೂ ಕಲಿಸಿದರು. ನಾಲ್ಕನೆಯದು, ಮನೆಯಲ್ಲಿ ಪುಸ್ತಕಗಳಿದ್ದವು. ಮನೆಮಾತಿನ ಬಗ್ಗೆ ಯಾರಿಗೂ ಕೀಳರಿಮೆ ಇರಲಿಲ್ಲ.

ಬೈರಮಂಗಲದಿಂದ ಐದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಹುಡುಗನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿರಬಹುದು. ಪಕ್ಕದ ಹುಡುಗನಿಗೆ ನಾಲ್ಕು ವರ್ಷದ ಇಂಗ್ಲಿಷ್ ಬಂದಿದೆ, ಇವನಿಗಿಲ್ಲ. ಕನ್ನಡದಲ್ಲಿ ಕೇಳಿದರೆ ದಂಡ ಹಾಕುವ ಶಾಲೆಗಳೂ ಉಂಟು. ಕನ್ನಡ ಓದುವುದು ವಾರಕ್ಕೆ ಕೆಲವೇ ಪೀರಿಯಡ್. ಇದು ಮುಳುಗಿ ಕಲಿಯುವುದಲ್ಲ, ನೀರಿಗೆ ತಳ್ಳಿ ಮುಳುಗಿಸುವುದು. ಎರಡಕ್ಕೂ ಬಹಳ ಅಂತರವಿದೆ.

ಇದರ ಪರಿಣಾಮ ವಿಜ್ಞಾನದ ಪಾಠದಲ್ಲಿ ಬೇಗ ಗೋಚರಿಸುತ್ತದೆ. ನಾಲ್ಕನೆಯ ತರಗತಿಯಲ್ಲಿ ಅದೇ ಹುಡುಗ, ಒದ್ದೆ ಬಟ್ಟೆ ಗಾಳಿಗೆ ಬೇಗ ಒಣಗುವುದೇಕೆ ಎಂದು ಕೇಳಿದರೆ ಅಮ್ಮ ಬಟ್ಟೆ ಹರವುವುದನ್ನು ನೆನಪಿಸಿಕೊಂಡು ತನ್ನದೇ ಮಾತಿನಲ್ಲಿ ಹೇಳುತ್ತಿದ್ದ. ಐದನೆಯ ತರಗತಿಯಲ್ಲಿ ‘ಇವಾಪೊರೇಷನ್’ ಪದದ ವ್ಯಾಖ್ಯೆಯನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಾನೆ. ಆದರೆ ಒದ್ದೆ ಬಟ್ಟೆಗೂ ಆ ವ್ಯಾಖ್ಯೆಗೂ ಇರುವ ಸಂಬಂಧ ಕೇಳಿದರೆ ತಲೆ ತಗ್ಗಿಸುತ್ತಾನೆ. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಗೆ ಬಂದಾಗ, ಬಾಯಿಪಾಠ ಸಾಲದೆ ಹೋದಾಗ, ‘ಹುಡುಗ ದಡ್ಡ’ ಎಂಬ ತೀರ್ಪು ಹೊರಬೀಳುತ್ತದೆ. ಹುಡುಗ ದಡ್ಡನಾಗಿರಲಿಲ್ಲ. ಯೋಚಿಸಲು ಅವನಿಗಿದ್ದ ಭಾಷೆಯನ್ನು ಕಿತ್ತುಕೊಂಡು, ಹೊಸದು ಬರುವ ಮೊದಲೇ ಪಾಠ ಆರಂಭಿಸಿದ್ದರು, ಅಷ್ಟೇ.

ಕೆನಡಾದ ಇನ್ನೊಬ್ಬ ವಿದ್ವಾಂಸ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳನ್ನು ಅಭ್ಯಸಿಸಿ ಹೇಳಿದ ಮಾತು ಇಲ್ಲಿ ಉಪಯುಕ್ತ. ಆಡುಮಾತಿನ ಸರಾಗತೆಗೆ ಸುಮಾರು ಎರಡು ವರ್ಷ ಸಾಕು. ಆದರೆ ಪಾಠಗಳನ್ನು ಅರ್ಥಮಾಡಿಕೊಂಡು ಬರೆಯುವ ಮಟ್ಟದ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಆ ಭಾಷೆಯೇ ಇರುವ ದೇಶದಲ್ಲಿ. ಆರು ತಿಂಗಳ ನಿರೀಕ್ಷೆ ಎಷ್ಟು ದೊಡ್ಡ ಹೊರೆ ಎಂಬುದನ್ನು ಪೋಷಕರು ಇದರಿಂದ ಊಹಿಸಬಹುದು.

ಬೈರಮಂಗಲದವರಿಗೆ ನೀರಿನ ವಿಚಾರವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ವೃಷಭಾವತಿಯು ಬೆಂಗಳೂರಿನ ಕೊಳಚೆಯನ್ನು ದಶಕಗಳ ಕಾಲ ತಂದು ಸುರಿದು ಊರಿನ ಕೆರೆ ಕೆಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನೀರಿದ್ದ ಮಾತ್ರಕ್ಕೆ ಈಜಲು ಆಗದು, ಎಂಥ ನೀರು ಎಂಬುದನ್ನು ನೋಡಬೇಕು. ಭಾಷೆಯ ನೀರಿಗೂ ಈ ಮಾತು ಸಲ್ಲುತ್ತದೆ. ಭಯ, ಅವಮಾನ, ಅರ್ಥವಾಗದ ಬಾಯಿಪಾಠ ಇವು ತುಂಬಿದ ಕಡೆ ಮಗು ಮುಳುಗಬಹುದೇ ಹೊರತು ಈಜಲಾರದು.

ಎಷ್ಟು ವಯಸ್ಸಿಗೆ? ಯಾರಿಂದ?

‘ಚಿಕ್ಕಂದಿನಲ್ಲಿ ಕಲಿಯದಿದ್ದರೆ ಮತ್ತೆ ಬಾರದು’ ಎಂಬ ಹೆದರಿಕೆಯೂ ಪೋಷಕರನ್ನು ಕಾಡುತ್ತದೆ. ಹಾಲೆಂಡ್ ದೇಶಕ್ಕೆ ಹೋಗಿ ನೆಲೆಸಿದ ಇಂಗ್ಲಿಷ್ ಭಾಷಿಕರು ಡಚ್ ಭಾಷೆಯನ್ನು ಹೇಗೆ ಕಲಿತರೆಂದು ಕ್ಯಾಥರೀನ್ ಸ್ನೋ ಮತ್ತು ಅವರ ಸಹೋದ್ಯೋಗಿ 1978ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮೊದಲ ತಿಂಗಳುಗಳಲ್ಲಿ ವೇಗವಾಗಿ ಕಲಿತವರು ಹನ್ನೆರಡರಿಂದ ಹದಿನೈದು ವರ್ಷದವರು ಮತ್ತು ದೊಡ್ಡವರು. ಮೂರರಿಂದ ಐದು ವರ್ಷದ ಪುಟ್ಟ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ಉಚ್ಚಾರಣೆಯ ವಿಷಯದಲ್ಲಿ ದೀರ್ಘಕಾಲದಲ್ಲಿ ಚಿಕ್ಕವರಿಗೆ ಅನುಕೂಲವಿದೆ, ನಿಜ. ಆದರೆ ಹತ್ತು ಹನ್ನೆರಡು ವರ್ಷಕ್ಕೆ ಬಾಗಿಲು ಮುಚ್ಚುವುದಿಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಕನ್ನಡದ ಜನರ ನಡುವೆ ಇದ್ದು ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು.

ಟಿವಿ, ಮೊಬೈಲ್ ಮುಂದೆ ಕೂರಿಸಿದರೆ ಇಂಗ್ಲಿಷ್ ಬರುವುದೇ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬೆಳಕು ಚೆಲ್ಲುತ್ತದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆಯ ವ್ಯಕ್ತಿಯೊಬ್ಬರು ತಲಾ 25 ನಿಮಿಷದಂತೆ 12 ಬಾರಿ, ಅಂದರೆ ಒಟ್ಟು ಐದು ಗಂಟೆ, ಪುಸ್ತಕ ಓದಿ ಆಟವಾಡಿಸಿದರು. ಆ ಕೂಸುಗಳು ಚೀನೀ ಭಾಷೆಯ ಧ್ವನಿಭೇದವನ್ನು ಗುರುತಿಸಬಲ್ಲವಾದವು. ಅದೇ ಮಾತು, ಅದೇ ಆಟವನ್ನು ಟಿವಿಯಲ್ಲಿ ನೋಡಿದ ಕೂಸುಗಳಿಗೆ ಏನೂ ಬರಲಿಲ್ಲ. ಶಾಲೆಗೆ ಹೋಗುವ ಮಕ್ಕಳು ಪರದೆಯಿಂದ ಒಂದಿಷ್ಟು ಕಲಿಯಬಲ್ಲರು. ಆದರೂ ಮೂಲ ಪಾಠ ಇಷ್ಟೇ. ಮುಖ ನೋಡಿ ಮಾತನಾಡುವ ಮನುಷ್ಯರೊಬ್ಬರು ಬೇಕು.

ಕನ್ನಡವೇ ಬಂಡವಾಳ

ಹೊಸ ಭಾಷೆಗಾಗಿ ಕನ್ನಡವನ್ನು ದೂರವಿಡಬೇಕೆಂಬ ತಿಳಿವಳಿಕೆ ತಪ್ಪು. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳು ಸ್ಪ್ಯಾನಿಷ್ ಭಾಷೆಯನ್ನೂ ಕಲಿಯುತ್ತಾರೆ. ಅದು ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಕನ್ನಡ ಬಲ್ಲ ಮಗುವಿಗೆ ಅದರಲ್ಲಿ ಎಷ್ಟೋ ಸಂಗತಿಗಳು ಪರಿಚಿತವೆನಿಸುತ್ತವೆ. ಅದರ ಸ್ವರಗಳು ಐದೇ, ಅ, ಎ, ಇ, ಒ, ಉ. ಬರೆದಂತೆ ಓದಬಹುದು. ‘ತ’, ‘ದ’ ಧ್ವನಿಗಳು ಇಂಗ್ಲಿಷಿನಂತಲ್ಲ, ನಮ್ಮಂತೆ ಹಲ್ಲಿಗೆ ತಾಗುತ್ತವೆ. ‘ಬರುತ್ತೇನೆ’ ಎಂದರೆ ಬರುವವನು ನಾನೇ ಎಂದು ಕನ್ನಡದಲ್ಲಿ ತಿಳಿಯುವಂತೆ, ಸ್ಪ್ಯಾನಿಷ್‌ನಲ್ಲೂ ‘ಬೆಂಗೊ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ನೀನು, ನೀವು ಎಂಬ ಭೇದಕ್ಕೆ ಅಲ್ಲಿ ‘ತೂ’, ‘ಉಸ್ತೆದ್’ ಇವೆ. ‘ನನಗೆ ಇಷ್ಟ’ ಎನ್ನುವಂತೆಯೇ ಅವರೂ ‘ಮೆ ಗುಸ್ತಾ’ ಎನ್ನುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲವರು ಈ ಕೊನೆಯ ಪ್ರಯೋಗಕ್ಕೆ ತಿಣುಕಾಡುತ್ತಾರೆ. ನಾವು ಚರ್ಚಿನ ಪಾದ್ರಿ ಎನ್ನುವ ಪದ ಪೋರ್ಚುಗೀಸರಿಂದ ಬಂದದ್ದು. ಅದರ ಸೋದರ ಭಾಷೆಯಾದ ಸ್ಪ್ಯಾನಿಷ್‌ನಲ್ಲಿ ತಂದೆಗೆ ‘ಪಾದ್ರೆ’ ಎಂದೇ ಹೆಸರು.

ಇದರ ತಾತ್ಪರ್ಯವೇನು? ಒಂದು ಭಾಷೆಯಲ್ಲಿ ಗಟ್ಟಿಯಾಗಿ ನಿಂತ ಮಗು ಇನ್ನೊಂದು ಭಾಷೆಯನ್ನು ಹೋಲಿಸಿ ನೋಡಿ ಕಲಿಯುತ್ತದೆ. ನಿಲ್ಲಲು ನೆಲವೇ ಇಲ್ಲದ ಮಗುವಿಗೆ ಹೋಲಿಸಲು ಏನೂ ಇರುವುದಿಲ್ಲ.

ಮನೆಯಲ್ಲಿ ಅರ್ಧ ಗಂಟೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆ ಪಾಠದ ಜೊತೆಗೆ ಮನೆಯಲ್ಲಿ ಮುಂದಿನ ಕ್ರಮವನ್ನು ಅನುಸರಿಸಬಹುದು. ಮಗು ಯಾವ ಮಾಧ್ಯಮದಲ್ಲಿ ಓದುತ್ತಿದ್ದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು, ಒಬ್ಬ ಜೊತೆಗಾರರನ್ನು ಗೊತ್ತುಮಾಡಬೇಕು. ತಂದೆತಾಯಿಗೆ ಇಂಗ್ಲಿಷ್ ಬಾರದಿದ್ದರೆ ಕಾಲೇಜಿಗೆ ಹೋಗುವ ಅಕ್ಕನೋ, ಚಿಕ್ಕಪ್ಪನೋ, ಪಕ್ಕದ ಮನೆಯ ಹುಡುಗಿಯೋ ಆಗಬಹುದು. ಇಬ್ಬರು ಮೂವರು ಮಕ್ಕಳು ಸೇರಿದರೆ ಇನ್ನೂ ಒಳ್ಳೆಯದು. ದಿನವೂ ಅದೇ ಹೊತ್ತು, ಅದೇ ಕೆಲಸ ಇರಲಿ. ತರಕಾರಿ ಬಿಡಿಸುವುದು, ಹಸುವಿಗೆ ಹುಲ್ಲು ಹಾಕುವುದು, ಚೌಕಾಬಾರ ಆಡುವುದು, ಏನಾದರೂ ಸರಿ. ಆ ಅರ್ಧ ಗಂಟೆ ಇಂಗ್ಲಿಷ್ ಮಾತ್ರ. ಉಳಿದ ಹೊತ್ತು ಕನ್ನಡ ಧಾರಾಳವಾಗಿರಲಿ.

ಮೊದಲ ಮೂರು ನಾಲ್ಕು ವಾರ ಮಗು ಮಾತನಾಡಲೇಬೇಕೆಂದು ಒತ್ತಾಯಿಸಬಾರದು. ಕೂಸು ಮಾತು ಕಲಿಯುವ ಮೊದಲು ತಿಂಗಳುಗಟ್ಟಲೆ ಕೇಳಿಸಿಕೊಳ್ಳುವುದಿಲ್ಲವೇ? ಏಳು, ಕೂರು, ಬಾಗಿಲು ತೆರೆ, ಕೆಂಪು ಬುಟ್ಟಿ ತಾ ಎಂದು ಇಂಗ್ಲಿಷಿನಲ್ಲಿ ಹೇಳಿ, ತಾವೂ ಮಾಡಿ ತೋರಿಸಬೇಕು. ಮಗು ಹೇಳಿದಂತೆ ಮಾಡಿದರೆ ಅರ್ಥವಾಯಿತೆಂದೇ ಲೆಕ್ಕ. ಕೈಕಾಲು ಆಡಿಸುತ್ತ ಕಲಿಸುವ ಈ ಪದ್ಧತಿಯನ್ನು ಅಮೆರಿಕದ ಜೇಮ್ಸ್ ಆಶರ್ ರೂಪಿಸಿದರು. ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ 1999ರಲ್ಲಿ ಉತ್ಪಾದನೆ ಆರಂಭವಾದ ಮೇಲೆ ‘ಕೈಜೆನ್’ ಎಂಬ ಜಪಾನೀ ಪದ ಸುತ್ತಲ ಎಷ್ಟೋ ನೌಕರರಿಗೆ ಪರಿಚಯವಾಯಿತು. ಅವರು ಅದನ್ನು ಶಬ್ದಕೋಶ ನೋಡಿ ಕಲಿಯಲಿಲ್ಲ. ಕೆಲಸವನ್ನು ಸ್ವಲ್ಪ ಸ್ವಲ್ಪವೇ ಉತ್ತಮಪಡಿಸುತ್ತ, ಆ ಕೆಲಸದ ಜೊತೆಗೇ ಪದವನ್ನೂ ಕಲಿತರು. ಕೆಲಸದೊಡನೆ ಬಂದ ಮಾತು ಮರೆಯುವುದಿಲ್ಲ.

ಆಮೇಲೆ ಮಗು ಒಂದೊಂದು ಪದದಲ್ಲಿ ಉತ್ತರಿಸತೊಡಗುತ್ತದೆ, ಬಳಿಕ ತಪ್ಪುತಪ್ಪಾಗಿ ವಾಕ್ಯ ಮಾಡುತ್ತದೆ. ಆಗ ‘ತಪ್ಪು’ ಎಂದು ತಡೆಯಬಾರದು, ನಗಲೇಬಾರದು. ‘ಐ ಗೋಡ್’ ಎಂದು ಮಗು ಹೇಳಿದರೆ ‘ಓ, ಯು ವೆಂಟ್?’ ಎಂದು ಸರಿಯಾದ ರೂಪವನ್ನು ಬಳಸಿ ಮಾತು ಮುಂದುವರಿಸಿದರೆ ಸಾಕು. ಹಾಗೆ ನೋಡಿದರೆ ‘ಗೋಡ್’ ಎಂಬುದು ಒಳ್ಳೆಯ ಲಕ್ಷಣ. ಯಾರೂ ಹೇಳಿಕೊಡದ ಆ ರೂಪವನ್ನು ಮಗು ತಾನೇ ನಿಯಮ ಕಂಡುಕೊಂಡು ಮಾಡಿತು ಎಂದರ್ಥ.

ಓದಿಗೆ ಒಂದೇ ಕಥೆ ಎರಡೂ ಭಾಷೆಗಳಲ್ಲಿರುವ ಪುಸ್ತಕಗಳು ಉತ್ತಮ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ, ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಟಣೆಗಳಲ್ಲಿ ಅಂಥವು ಕಡಿಮೆ ಬೆಲೆಗೆ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿ ಕಥೆ ತಿಳಿದ ಮೇಲೆ ಇಂಗ್ಲಿಷಿನಲ್ಲಿ ಓದಿದರೆ ಅರ್ಥಕ್ಕಾಗಿ ತಡಕಾಡಬೇಕಿಲ್ಲ. ಒಂದೇ ಪುಸ್ತಕವನ್ನು ಹತ್ತು ಸಲ ಓದಿದರೂ ನಷ್ಟವಿಲ್ಲ.

ಗಣಿತ, ವಿಜ್ಞಾನದ ಪಾಠವನ್ನು ಮಾತ್ರ ಮನೆಯಲ್ಲಿ ಕನ್ನಡದಲ್ಲೇ ಮಾತನಾಡಿ ಅರ್ಥಮಾಡಿಸಬೇಕು. ಅಜ್ಜಿ ಹೇಳುವ ಮಜ್ಜಿಗೆ ಹುಳಿಯಾಗುವ ಕಾರಣ, ಅಪ್ಪ ಹೇಳುವ ಹುಳು ಗೂಡು ಕಟ್ಟುವ ಬಗೆ ಇವೂ ವಿಜ್ಞಾನವೇ. ಅರ್ಥವಾದ ವಿಷಯಕ್ಕೆ ಇಂಗ್ಲಿಷ್ ಪದ ಅಂಟಿಸುವುದು ಸುಲಭ. ಪದಕ್ಕೆ ಅರ್ಥ ಅಂಟಿಸುವುದು ಕಷ್ಟ.

ಮಗು ಕಲಿಯುತ್ತಿದೆಯೇ ಎಂದು ತಿಳಿಯಲು ಅಂಕ ನೋಡಬೇಕಾಗಿಲ್ಲ. ಹಿಂದೆಂದೂ ಕೇಳದ ಒಂದು ಹೊಸ ವಾಕ್ಯವನ್ನು ತನ್ನ ಅಗತ್ಯಕ್ಕಾಗಿ ಮಾಡಿತೇ ಎಂದು ಗಮನಿಸಿದರೆ ಸಾಕು. ಅದಕ್ಕೆ ಬದಲಾಗಿ, ಮೊದಲು ಹರಟುತ್ತಿದ್ದ ಮಗು ಮೌನವಾದರೆ, ಶಾಲೆಯ ಹೊತ್ತಿಗೆ ದಿನವೂ ಹೊಟ್ಟೆನೋವು ಎಂದರೆ, ಅರ್ಥ ಕೇಳಿದಾಗ ಪುಸ್ತಕದ ಸಾಲನ್ನೇ ಒಪ್ಪಿಸಿದರೆ ಅದು ಎಚ್ಚರಿಕೆಯ ಗಂಟೆ. ಆಗ ಟ್ಯೂಷನ್ ಹೆಚ್ಚಿಸುವುದಲ್ಲ, ಶಿಕ್ಷಕರನ್ನು ಕಂಡು, ಕನ್ನಡದಲ್ಲಿ ಪ್ರಶ್ನೆ ಕೇಳಲು ಮಗುವಿಗೆ ಅವಕಾಶ ಕೊಡಿರೆಂದು ಕೇಳುವುದು ಪೋಷಕರ ಮೊದಲ ಕೆಲಸ. ಅದಕ್ಕೆ ಒಪ್ಪದ ಶಾಲೆಯಿಂದ ಮಗುವನ್ನು ಮರಳಿ ಊರಿನ ಶಾಲೆಗೆ ಸೇರಿಸುವುದರಲ್ಲಿ ಅವಮಾನವೇನೂ ಇಲ್ಲ. ಕಟ್ಟಿದ ಶುಲ್ಕ ಹೋದರೆ ಮುಂದಿನ ಬೆಳೆಗೆ ಸಂಪಾದಿಸಬಹುದು. ಪ್ರಶ್ನೆ ಕೇಳುವ ಧೈರ್ಯ ಮಗುವಿನಿಂದ ಒಮ್ಮೆ ಹೋದರೆ ಅದನ್ನು ಮರಳಿ ತರುವುದು ಬಹಳ ಕಷ್ಟ.